ಬೀದರ್ ಹಿಸ್ಟಾರಿಕ್ಕೋ, ಹಿಸ್ಟಾರಿಕಲ್ಲೋ?

ಓದುಗರ ಪ್ರಶ್ನೆ: ಸರ್, ನಾನು ಬೀದರಿನವಳು. ಹಳೆ ಊರಿನ ಓಣಿಯಲ್ಲಿರುವ ನಮ್ಮ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತೇವೆ. ಬಂದವರಿಗೆ ಕೋಟೆ, ಮದರಸಾ, ಅಷ್ಟೂರಿನ ಗುಮ್ಮಟಗಳನ್ನು ನಾನೇ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಬಾಗಿಲಿನ ಮೇಲೆ ಇಂಗ್ಲಿಷಿನಲ್ಲಿ ಒಂದು ಸ್ವಾಗತ ಫಲಕ ಬರೆಸಿದ್ದೆ. ಅದರಲ್ಲಿ ಬೀದರನ್ನು ‘ಹಿಸ್ಟಾರಿಕಲ್ ಸಿಟಿ’ ಎಂದು ಕರೆದಿದ್ದೇನೆ. ಪುಣೆಯಿಂದ ಬಂದಿದ್ದ ಅತಿಥಿಯೊಬ್ಬರು ಅದರ ಫೋಟೊ ತೆಗೆದುಕೊಂಡು, ನಗುತ್ತ, ‘ಹಿಸ್ಟಾರಿಕ್ ಎಂದಿರಬೇಕಿತ್ತು’ ಎಂದರು. ನಮ್ಮಣ್ಣ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾನೆ. ಕಟ್ಟಡಕ್ಕೆ ಹಿಸ್ಟಾರಿಕ್, ಮನುಷ್ಯರಿಗೆ ಹಿಸ್ಟಾರಿಕಲ್ ಎಂದು ಅವನಿಗೆ ಕಲಿಸಿದ್ದಾರಂತೆ. ಮೊಬೈಲಿನಲ್ಲಿ ಹುಡುಕಿದರೆ ಎರಡಕ್ಕೂ ‘ಐತಿಹಾಸಿಕ’ ಎಂದೇ ಬರುತ್ತದೆ. ಫಲಕ ಬರೆದವರಿಗೆ ಹಣ ಕೊಟ್ಟಾಗಿದೆ. ಎಂಟು ಪುಟದ ಒಂದು ಕೈಪಿಡಿ ಅಚ್ಚಿಗೆ ಹೋಗಬೇಕು, ಅದರಲ್ಲಿ ಈ ಪದ ಹನ್ನೊಂದು ಕಡೆ ಇದೆ. ಎಲ್ಲವನ್ನೂ ಬದಲಿಸಬೇಕೇ? ಇನ್ನೊಂದು ಸಂದೇಹ. ಈ ಮನೆ ನಮ್ಮ ಮುತ್ತಜ್ಜ ಕಟ್ಟಿಸಿದ್ದು, ಈಗ ತೊಂಬತ್ತು ವರ್ಷ. ಇದನ್ನು ಹಿಸ್ಟಾರಿಕ್ ಎನ್ನಬಹುದೇ?

ಉತ್ತರ: ನೀವು ಕೇಳಿದ್ದು ಎರಡು ಅಕ್ಷರದ ವಿಷಯ. ಆದರೆ ನಿಮ್ಮ ಚಿಂತೆ ಬೇರೆ ಎಂದು ನನಗೆ ತೋರುತ್ತದೆ. ಹೊರಗಿನಿಂದ ಬಂದವರೊಬ್ಬರು ನಿಮ್ಮ ಬಾಗಿಲಲ್ಲೇ ನಿಂತು ನಿಮ್ಮ ಇಂಗ್ಲಿಷನ್ನು ನೋಡಿ ನಕ್ಕರು. ಅದು ಚುಚ್ಚಿದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಫಲಕದಲ್ಲಿ ವ್ಯಾಕರಣದ ತಪ್ಪಿಲ್ಲ. ಹಿಸ್ಟಾರಿಕಲ್ ಎಂಬುದನ್ನು ಊರಿಗೆ ಹಚ್ಚಿ ಬರೆಯುವವರು ಇಂಗ್ಲಿಷ್ ಮಾತೃಭಾಷೆಯವರಲ್ಲೂ ಇದ್ದಾರೆ. ಆದರೆ ನೀವು ಹೇಳಬಯಸಿದ್ದಕ್ಕೆ ಹಿಸ್ಟಾರಿಕ್ ಹೆಚ್ಚು ಒಪ್ಪುವ ಪದ ಎಂಬುದೂ ನಿಜ. ಪುಣೆಯ ಅತಿಥಿ ಅಷ್ಟರಮಟ್ಟಿಗೆ ಸರಿ. ನಕ್ಕದ್ದಷ್ಟೇ ಹೆಚ್ಚಾಯಿತು.

ನಿಮ್ಮ ಅಣ್ಣ ಕಲಿತ ಸೂತ್ರವನ್ನು ಮಾತ್ರ ಇಂದೇ ಮರೆಯಲು ಹೇಳಿ. ಕಟ್ಟಡ, ಮನುಷ್ಯ ಎಂಬ ವಿಂಗಡಣೆ ಇಂಗ್ಲಿಷಿನಲ್ಲಿ ಇಲ್ಲ. ಮೂವತ್ತೆರಡು ವರ್ಷ ಕಲಬುರಗಿಯ ಪದವಿ ತರಗತಿಗಳಲ್ಲಿ ಇಂಗ್ಲಿಷ್ ಕಲಿಸಿದವನು ನಾನು. ಈ ಜೋಡಿಯ ಬಗ್ಗೆ ವಿದ್ಯಾರ್ಥಿಗಳು ಹೊತ್ತು ತರುತ್ತಿದ್ದ ಸೂತ್ರಗಳನ್ನು ಬರೆದಿಟ್ಟಿದ್ದರೆ ಅದೇ ಒಂದು ಕೈಪಿಡಿಯಾಗುತ್ತಿತ್ತು. ಒಂದು ಅಮೆರಿಕದ್ದು, ಇನ್ನೊಂದು ಬ್ರಿಟನ್ನಿನದು ಎನ್ನುವವರಿದ್ದರು. ಸಾವಿರ ವರ್ಷ ದಾಟಿದ್ದರೆ ಹಿಸ್ಟಾರಿಕಲ್, ಅದಕ್ಕಿಂತ ಹೊಸದಾದರೆ ಹಿಸ್ಟಾರಿಕ್ ಎಂದವನೊಬ್ಬನಿದ್ದ. ಉದ್ದನೆಯ ಪದಕ್ಕೆ ಗೌರವ ಹೆಚ್ಚು ಎಂದು ನಂಬಿ ಎಲ್ಲೆಡೆ ಹಿಸ್ಟಾರಿಕಲ್ ಬರೆಯುವವರಂತೂ ಪ್ರತಿ ವರ್ಷ ಸಿಗುತ್ತಿದ್ದರು. ಇವುಗಳಲ್ಲಿ ಒಂದೂ ನಿಲ್ಲುವುದಿಲ್ಲ.

ನಿಲ್ಲುವ ಮಾತು ಇಷ್ಟು. ಹಿಸ್ಟಾರಿಕಲ್ ಎಂದರೆ ಇತಿಹಾಸಕ್ಕೆ ಸೇರಿದ, ಗತಕಾಲಕ್ಕೆ ಸಂಬಂಧಿಸಿದ. ಅದು ವಸ್ತುವಿನ ಖಾತೆ ಯಾವುದು ಎಂದು ಹೇಳುತ್ತದೆಯೇ ಹೊರತು ಅದು ದೊಡ್ಡದೋ ಚಿಕ್ಕದೋ ಎಂದು ಹೇಳುವುದಿಲ್ಲ. ಹಿಸ್ಟಾರಿಕ್ ಎಂದರೆ ಇತಿಹಾಸದಲ್ಲಿ ತೂಕವುಳ್ಳ, ನೆನಪಿನಲ್ಲಿ ಉಳಿಯುವಂಥ. ಅದು ಹಳೆಯದೇ ಆಗಿರಬೇಕೆಂದಿಲ್ಲ. ಇಂದು ಬೆಳಿಗ್ಗೆ ಬಂದ ನ್ಯಾಯಾಲಯದ ತೀರ್ಪೂ ಹಿಸ್ಟಾರಿಕ್ ಆಗಬಹುದು. ಯಾರೋ ಐನೂರು ವರ್ಷಗಳ ಹಿಂದೆ ಬರೆದಿಟ್ಟ ದವಸದ ಲೆಕ್ಕ ಹಿಸ್ಟಾರಿಕಲ್ ದಾಖಲೆ ಮಾತ್ರ, ಹಿಸ್ಟಾರಿಕ್ ಅಲ್ಲ.

ತರಗತಿಯಲ್ಲಿ ನಾನು ಇದನ್ನು ಅಂಗಡಿಯ ಭಾಷೆಯಲ್ಲಿ ಹೇಳುತ್ತಿದ್ದೆ. ಎಲೆಕ್ಟ್ರಿಕ್ ತಂತಿ ಎನ್ನುತ್ತೇವೆ, ಎಲೆಕ್ಟ್ರಿಕಲ್ ಎಂಜಿನಿಯರ್ ಎನ್ನುತ್ತೇವೆ. ತಂತಿ ಮುಟ್ಟಿದರೆ ಶಾಕ್ ಹೊಡೆಯುತ್ತದೆ, ಎಂಜಿನಿಯರನ್ನು ಮುಟ್ಟಿದರೆ ಹೊಡೆಯುವುದಿಲ್ಲ. ತಂತಿಯಲ್ಲಿ ವಿದ್ಯುತ್ತು ತಾನೇ ಹರಿಯುತ್ತಿರುತ್ತದೆ. ಎಂಜಿನಿಯರಿಗೆ ವಿದ್ಯುತ್ತಿನ ಜೊತೆ ಸಂಬಂಧವಿದೆ, ಅಷ್ಟೇ. ಹಿಸ್ಟಾರಿಕ್ ಎಂಬುದು ತಂತಿ, ಹಿಸ್ಟಾರಿಕಲ್ ಎಂಬುದು ಎಂಜಿನಿಯರ್.

ನಮ್ಮ ಭಾಗದ ಒಂದೇ ವಿಷಯದಲ್ಲಿ ಎರಡೂ ಪದಗಳಿಗೆ ಕೆಲಸ ಸಿಗುತ್ತದೆ, ನೋಡಿ. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು. ಶಾಲೆ, ರಸ್ತೆ, ನೀರಾವರಿ ಎಲ್ಲದರಲ್ಲೂ ಹಿಂದುಳಿದದ್ದಕ್ಕೆ ಬೇರುಗಳು ಹಿಂದಿನ ಕಾಲದಲ್ಲಿವೆ. ಇಂಗ್ಲಿಷಿನಲ್ಲಿ ಆ ಹಿಂದುಳಿದಿರುವಿಕೆಯನ್ನು ಹಿಸ್ಟಾರಿಕಲ್ ಎಂದು ಕರೆಯಬೇಕು. ಅದಕ್ಕೆ ಮದ್ದಾಗಿ 2012ರಲ್ಲಿ ಸಂವಿಧಾನದ 98ನೆಯ ತಿದ್ದುಪಡಿ ಬಂದು, ನಮ್ಮ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ 371(ಜೆ) ವಿಧಿ ಸೇರಿತು. ಆ ತಿದ್ದುಪಡಿ ಹಿಸ್ಟಾರಿಕ್. ಎರಡನ್ನೂ ಅದಲು ಬದಲು ಮಾಡಿ ನೋಡಿ. ಹಿಂದುಳಿದಿರುವಿಕೆಯನ್ನು ಹಿಸ್ಟಾರಿಕ್ ಎಂದರೆ ಅದೇನೋ ಸಾಧನೆ ಎಂಬಂತೆ ಕೇಳಿಸುತ್ತದೆ. ತಿದ್ದುಪಡಿಯನ್ನು ಹಿಸ್ಟಾರಿಕಲ್ ಎಂದರೆ ಎಂದೋ ಇದ್ದು ಈಗ ಇಲ್ಲವಾದ ಕಾನೂನು ಎಂದು ಓದುಗ ತಿಳಿಯುತ್ತಾನೆ.

ಹಾಗಾದರೆ ನಮಗೇ ಈ ಗೊಂದಲ ಏಕೆ ಹೆಚ್ಚು? ಕಾರಣ ನಿಮ್ಮ ಮೊಬೈಲು ತೋರಿಸಿದ್ದೇ. ‘ಐತಿಹಾಸಿಕ ಕಾದಂಬರಿ’ ಎಂದಾಗ ನಾವು ಕಾದಂಬರಿಯನ್ನು ಹೊಗಳುತ್ತಿಲ್ಲ, ಅದರ ವಸ್ತು ಎಲ್ಲಿಯದು ಎಂದು ಹೇಳುತ್ತಿದ್ದೇವೆ. ‘ಐತಿಹಾಸಿಕ ಗೆಲುವು’ ಎಂದಾಗ ಹೊಗಳುತ್ತಿದ್ದೇವೆ. ಪದ ಒಂದೇ, ಅರ್ಥ ಎರಡು. ಆದರೂ ಕನ್ನಡ ಓದುಗರು ಎಂದೂ ಎಡವುವುದಿಲ್ಲ, ಏಕೆಂದರೆ ಮುಂದೆ ಬರುವ ನಾಮಪದ ಯಾವ ಅರ್ಥ ಎಂಬುದನ್ನು ತೀರ್ಮಾನಿಸಿಬಿಡುತ್ತದೆ. ಇದು ಕನ್ನಡದ ಬಡತನವಲ್ಲ. ತೂಕವನ್ನೇ ಎತ್ತಿ ಹೇಳಬೇಕೆಂದಾಗ ನಮ್ಮಲ್ಲಿ ‘ಇತಿಹಾಸ ಪ್ರಸಿದ್ಧ’ ಎಂಬ ಸೊಗಸಾದ ಮಾತಿದೆ. ಜಾತ್ರೆಯ ಕರಪತ್ರ ಬರೆಯುವವರು ಅದನ್ನು ಯಾವ ವ್ಯಾಕರಣದ ಮೇಷ್ಟರನ್ನೂ ಕೇಳದೆ ಸರಿಯಾದ ಜಾಗದಲ್ಲೇ ಬಳಸುತ್ತಾರೆ.

ನಿಮ್ಮ ಓಣಿಯಲ್ಲಿ ಉರ್ದು ಮಾತನಾಡುವ ನೆರೆಹೊರೆಯವರು ಇದ್ದೇ ಇರುತ್ತಾರೆ. ಅವರಿಗೂ ಇದೇ ಕಥೆ. ಎರಡಕ್ಕೂ ‘ತಾರೀಖಿ’ ಎಂಬ ಒಂದೇ ಪದ. ಅದರ ಮೂಲವಾದ ತಾರೀಖ್ ಎಂಬ ಅರಬ್ಬಿ ಮಾತಿಗೆ ದಿನಾಂಕ ಎಂಬ ಅರ್ಥವೂ ಇದೆ, ಇತಿಹಾಸ ಎಂಬ ಅರ್ಥವೂ ಇದೆ. ನಾವು ದಿನಾಂಕವನ್ನು ಮಾತ್ರ ತಾರೀಖು ಎಂದು ತೆಗೆದುಕೊಂಡು ಇತಿಹಾಸವನ್ನು ಅವರಲ್ಲೇ ಬಿಟ್ಟೆವು. ಬೀದರಿನಲ್ಲಿ ಹುಟ್ಟಿದವರು ಇಂಗ್ಲಿಷಿನ ಈ ಜೋಡಿಯ ಮುಂದೆ ತಡವರಿಸಿದರೆ ಅದು ದಡ್ಡತನವಲ್ಲ. ಮನೆಯ ಮಾತಿನಲ್ಲೂ ಪಕ್ಕದ ಮನೆಯ ಮಾತಿನಲ್ಲೂ ಒಂದೇ ಬಾಗಿಲಿದ್ದವರಿಗೆ ಮೂರನೆಯ ಮನೆಯಲ್ಲಿ ಎರಡು ಬಾಗಿಲು ಕಂಡರೆ ಒಂದು ಕ್ಷಣ ನಿಲ್ಲುವುದು ಸಹಜ.

ನಾನೇ ಎಡವಿದ್ದೇನೆ. ಬಹಳ ವರ್ಷಗಳ ಹಿಂದೆ ಕಲಬುರಗಿಯಲ್ಲಿ ಒಂದು ದೊಡ್ಡ ಸಭೆಯ ಆಮಂತ್ರಣವನ್ನು ಇಂಗ್ಲಿಷಿಗೆ ಮಾಡಿಕೊಟ್ಟೆ. ಕನ್ನಡದಲ್ಲಿ ‘ಐತಿಹಾಸಿಕ ಸಮಾವೇಶ’ ಎಂದಿತ್ತು. ಅವಸರದಲ್ಲಿ ಹಿಸ್ಟಾರಿಕಲ್ ಎಂದು ಬರೆದುಬಿಟ್ಟೆ. ಹೈದರಾಬಾದಿನಿಂದ ಇತಿಹಾಸದ ಅಧ್ಯಾಪಕರೊಬ್ಬರು ರಾತ್ರಿ ರೈಲು ಹಿಡಿದು, ಬಹಮನಿ ನಾಣ್ಯಗಳ ಮೇಲೊಂದು ಪ್ರಬಂಧವನ್ನು ಚೀಲದಲ್ಲಿಟ್ಟುಕೊಂಡು ಬಂದಿಳಿದರು. ಇಲ್ಲಿ ಸೇರಿದ್ದು ತೊಗರಿಗೆ ಬೆಂಬಲ ಬೆಲೆ ಕೇಳುವ ಸಭೆ. ಅವರು ಸಜ್ಜನರು. ಮಧ್ಯಾಹ್ನ ರೊಟ್ಟಿ, ಎಣ್ಣೆಗಾಯಿ ಉಂಡು, ರೈತರ ಭಾಷಣಗಳನ್ನು ಕೇಳಿ, ಸಂಜೆ ಹೊರಟರು. ಪ್ರಬಂಧವನ್ನು ನನ್ನ ಕೈಗೆ ಕೊಟ್ಟು ಹೋದರು. ಅದು ಇನ್ನೂ ನನ್ನ ಕಪಾಟಿನಲ್ಲಿದೆ.

ತೊಗರಿಯ ಮಾತು ಬಂದದ್ದರಿಂದ ಇನ್ನೊಂದು ಉದಾಹರಣೆ. ಕಳೆದ ಹತ್ತು ವರ್ಷಗಳ ಧಾರಣೆಯ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಹಿಸ್ಟಾರಿಕಲ್ ಬೆಲೆಗಳು ಎನ್ನುತ್ತಾರೆ. ಅದರಲ್ಲಿ ಹೆಮ್ಮೆ ಪಡುವಂಥದ್ದೇನೂ ಇರಬೇಕಾಗಿಲ್ಲ, ಕುಸಿದ ಬೆಲೆಯೂ ಅಲ್ಲಿ ಸೇರುತ್ತದೆ. ಹಿಂದೆಂದೂ ಕಾಣದ ಧಾರಣೆ ಬಂದ ದಿನ ಮಾತ್ರ ಆ ಬೆಲೆ ಹಿಸ್ಟಾರಿಕ್.

ಈಗ ಇತಿಹಾಸದ ಕಡೆಯಿಂದ ನೋಡೋಣ. ಇಂಗ್ಲಿಷಿನಲ್ಲಿ ಈ ಎರಡು ಪದಗಳು ಮೊದಲಿನಿಂದಲೂ ಬೇರೆಯಾಗಿರಲಿಲ್ಲ. ಒಂದು ಲ್ಯಾಟಿನ್ ಪ್ರತ್ಯಯ, ಅದಕ್ಕೇ ಇನ್ನೊಂದು ಬಾಲ ಅಂಟಿಸಿಕೊಂಡ ಮತ್ತೊಂದು ಪ್ರತ್ಯಯ. ಹೀಗೆ ಅವಳಿ ಪದಗಳು ರಾಶಿರಾಶಿಯಾಗಿ ಹುಟ್ಟಿದವು, ಬಹುಕಾಲ ಒಂದರ ಬದಲು ಇನ್ನೊಂದು ಸಲೀಸಾಗಿ ನಡೆಯುತ್ತಿತ್ತು. ಆಮೇಲೆ ಕೆಲವು ಅವಳಿಗಳು ಪಾಲು ಮಾಡಿಕೊಂಡವು. ಎಕನಾಮಿಕ್ ಎಂದರೆ ಆರ್ಥಿಕ, ಎಕನಾಮಿಕಲ್ ಎಂದರೆ ಕಡಿಮೆ ಖರ್ಚಿನ. 2008ರಲ್ಲಿ ಕನ್ನಡಕ್ಕೆ ಸಿಕ್ಕಿದ್ದು ಕ್ಲಾಸಿಕಲ್ ಸ್ಥಾನ, ಕ್ಲಾಸಿಕ್ ಅಲ್ಲ. ಇನ್ನು ಕೆಲವು ಅವಳಿಗಳು ಇಂದಿಗೂ ಒಟ್ಟು ಕುಟುಂಬದಲ್ಲೇ ಇವೆ. ಜಿಯೋಗ್ರಾಫಿಕ್ ಎನ್ನಿ, ಜಿಯೋಗ್ರಾಫಿಕಲ್ ಎನ್ನಿ, ಅರ್ಥದಲ್ಲಿ ಕೂದಲೆಳೆಯ ಅಂತರವೂ ಇಲ್ಲ. ಆದ್ದರಿಂದ ಬಾಲ ನೋಡಿ ಅರ್ಥ ಹೇಳುವ ಸಾಮಾನ್ಯ ಸೂತ್ರ ಇರಲು ಸಾಧ್ಯವೇ ಇಲ್ಲ. ಪ್ರತಿ ಜೋಡಿಯನ್ನೂ ಬೇರೆಬೇರೆಯಾಗಿ ಕಲಿಯಬೇಕು. ಇದು ಬೇಸರದ ಮಾತು, ಆದರೆ ತರಬೇತಿ ಕೇಂದ್ರದ ಸೂತ್ರಕ್ಕಿಂತ ಪ್ರಾಮಾಣಿಕವಾದದ್ದು.

ಹಿಸ್ಟಾರಿಕ್, ಹಿಸ್ಟಾರಿಕಲ್ ನಡುವೆ ಪಾಲಾಗಿದ್ದರೂ ಗೋಡೆ ಪೂರ್ತಿ ಎದ್ದಿಲ್ಲ. ಅದಕ್ಕೆ ನಮ್ಮ ಸಂವಿಧಾನವೇ ಸಾಕ್ಷಿ. ಸ್ಮಾರಕಗಳನ್ನು ಕಾಪಾಡುವುದು ರಾಜ್ಯದ ಹೊಣೆ ಎನ್ನುವ 49ನೆಯ ವಿಧಿಯ ಇಂಗ್ಲಿಷ್ ಪಠ್ಯದಲ್ಲಿ ಇರುವುದು ಹಿಸ್ಟಾರಿಕ್. ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ, 67ನೆಯ ನಮೂದಿನಲ್ಲಿ, ಅದೇ ಬಗೆಯ ಸ್ಮಾರಕಗಳ ಬಗ್ಗೆ ಹೇಳುವಾಗ ಹಿಸ್ಟಾರಿಕಲ್ ಎಂದಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಸ್ಮಾರಕ ಎಂದರೇನು ಎಂದು ವಿವರಿಸುವಾಗಲೂ ಹಿಸ್ಟಾರಿಕಲ್ ಎನ್ನುತ್ತದೆ. 49ನೆಯ ವಿಧಿ ಮತ್ತು ಕಾಯ್ದೆ ಎರಡರಲ್ಲೂ ಮುಂದಿನ ನಾಮಪದ ಒಂದೇ, ‘ಇಂಟರೆಸ್ಟ್’. ಮುಂದಿನ ಬಾರಿ ಯಾರಾದರೂ ನಿಮ್ಮ ಫಲಕ ನೋಡಿ ನಕ್ಕರೆ ಇದನ್ನು ಹೇಳಿ. ಅವರ ನಗು ನಿಲ್ಲದಿದ್ದರೂ ನಿಮಗೆ ಸಮಾಧಾನವಾಗುತ್ತದೆ.

ಹಿಸ್ಟಾರಿಕಲ್‌ಗೆ ಇನ್ನೊಂದು ಕೆಲಸವೂ ಇದೆ. ನಿಮ್ಮಂಥವರಿಗೆ, ಅಂದರೆ ಊರು ತೋರಿಸುವವರಿಗೆ, ಅದು ತುಂಬ ಬೇಕಾಗುತ್ತದೆ. ಕಥೆಯವನಲ್ಲ, ಪುರಾಣದವನಲ್ಲ, ನಿಜವಾಗಿ ಬದುಕಿದ್ದವನು ಎಂದು ಹೇಳಲು ಆ ಪದ ಬರುತ್ತದೆ. ಭೀಮಾ ದಂಡೆಯ ಸನ್ನತಿಯ ಬಳಿ, ಕನಗನಹಳ್ಳಿಯಲ್ಲಿ, ಅಶೋಕನ ಶಿಲ್ಪವೊಂದು ಸಿಕ್ಕಿತು. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯೊ ಅಸೊಕೊ’ ಎಂದು ಹೆಸರೇ ಕೆತ್ತಿದೆ. ಅಶೋಕ ಹಿಸ್ಟಾರಿಕಲ್ ವ್ಯಕ್ತಿ ಎಂದರೆ ಅವನು ಇದ್ದದ್ದಕ್ಕೆ ಇಂಥ ಆಧಾರಗಳಿವೆ ಎಂದರ್ಥ. ಆ ಶಿಲ್ಪ ಸಿಕ್ಕಿದ್ದು ಮಾತ್ರ ಹಿಸ್ಟಾರಿಕ್ ಘಟನೆ. ಅತಿಥಿಗಳಿಗೆ ಕೋಟೆ ತೋರಿಸುವಾಗ ದಂತಕಥೆ ಎಲ್ಲಿ ಮುಗಿಯಿತು, ದಾಖಲೆ ಎಲ್ಲಿ ಶುರುವಾಯಿತು ಎಂದು ಬೇರ್ಪಡಿಸಿ ಹೇಳಲು ಈ ಒಂದು ಪದ ನಿಮಗೆ ನೆರವಾಗುತ್ತದೆ.

ಈ ಎರಡು ಪದಗಳ ಹಿಂದೆ ‘ಎ’ ಬರಬೇಕೋ ‘ಆನ್’ ಬರಬೇಕೋ ಎಂದು ನೀವು ಕೇಳಿಲ್ಲ, ಆದರೂ ಯಾರಾದರೂ ಕೇಳುತ್ತಾರೆ. ಮೊದಲ ಅಕ್ಷರದ ಹಕಾರವನ್ನು ನುಂಗುವವರು ‘ಆನ್’ ಎನ್ನುತ್ತಿದ್ದರು, ಈಗಲೂ ಕೆಲವರು ಬರೆಯುತ್ತಾರೆ. ನಾವು ಹಕಾರವನ್ನು ಸ್ಪಷ್ಟವಾಗಿ ಉಚ್ಚರಿಸುವ ಜನ. ನಮಗೆ ‘ಎ’ ಸಾಕು. ಕ್ರಿಯಾವಿಶೇಷಣ ಬೇಕಾದಾಗ ತಲೆನೋವೇ ಇಲ್ಲ: ಎರಡಕ್ಕೂ ಹಿಸ್ಟಾರಿಕಲಿ ಎಂಬ ಒಂದೇ ರೂಪ.

ಇನ್ನು ಫಲಕಕ್ಕೆ ಬರೋಣ. ಹಾಗೆಯೇ ಬಿಟ್ಟರೂ ನಡೆಯುತ್ತದೆ. ಬಾಡಿಗೆಗೆ ಬರುವವರು ಪ್ರತ್ಯಯ ನೋಡಿ ಹಿಂದಿರುಗುವುದಿಲ್ಲ. ಆದರೆ ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೆ ‘ಹಿಂದೆ ಇದ್ದ ಊರು’ ಎಂಬ ಮಸುಕು ಅರ್ಥ ಹೊಳೆಯಬಹುದು. ಮಳಖೇಡದಂಥ ಊರಿಗೆ, ಅಂದರೆ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿ ಮೆರೆದು ಈಗ ಆ ವೈಭವದ ಕುರುಹು ಮಾತ್ರ ಉಳಿಸಿಕೊಂಡಿರುವ ಜಾಗಕ್ಕೆ, ಆ ಛಾಯೆ ಹೊಂದಬಹುದು. ಬೀದರ್ ಬದುಕಿರುವ ಊರು. ಅದಕ್ಕೆ ಅದು ಬೇಡ.

ತಿದ್ದಿಸಬೇಕೆಂದಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ನಿಮ್ಮ ತಪ್ಪು ಉದ್ದನೆಯ ಕಡೆಗಿದೆ. ಇಂಗ್ಲಿಷಿನಲ್ಲಿ ಕೊನೆಯ ಎರಡು ಅಕ್ಷರ ಅಳಿಸಿದರೆ ಸಾಕು, ಹೊಸದಾಗಿ ಏನನ್ನೂ ಬರೆಯಬೇಕಿಲ್ಲ. ಸಾಲು ನಡುವೆ ಖಾಲಿ ಬಿಟ್ಟಂತೆ ಕಾಣುತ್ತದೆ, ಅದೊಂದೇ ಕುಂದು. ಬಣ್ಣದವರು ಅಲ್ಲೊಂದು ಹೂವಿನ ಬಳ್ಳಿಯನ್ನು ಎಳೆದು ಮುಚ್ಚಬಲ್ಲರು.

ಎರಡೂ ಬೇಡವೆಂದು ಮೂರನೆಯ ಪದ ಹುಡುಕುವವರಿದ್ದಾರೆ. ಅಲ್ಲಿಯೇ ಹೆಚ್ಚು ಅಪಾಯ. ‘ಏನ್ಷಂಟ್’ ಎಂದರೆ ಇತಿಹಾಸ ಓದಿದವರು ಒಪ್ಪುವುದಿಲ್ಲ, ಏಕೆಂದರೆ ಬಹಮನಿ ಕಾಲ ಮಧ್ಯಯುಗಕ್ಕೆ ಸೇರಿದ್ದು. ವಿಚಿತ್ರವೆಂದರೆ 1958ರ ಕಾಯ್ದೆಯ ಲೆಕ್ಕದಲ್ಲಿ ಕನಿಷ್ಠ ನೂರು ವರ್ಷವಾದ ಕಟ್ಟಡವೂ ‘ಏನ್ಷಂಟ್ ಮಾನ್ಯುಮೆಂಟ್’ ಆಗಬಲ್ಲದು. ಕಾನೂನಿನ ಪ್ರಾಚೀನತೆಯೇ ಬೇರೆ, ಚರಿತ್ರೆಯ ಪ್ರಾಚೀನತೆಯೇ ಬೇರೆ. ‘ಹೆರಿಟೇಜ್’ ಎಂದು ಬರೆದರೆ ಸರ್ಕಾರದ ಯಾವುದೋ ಪಟ್ಟಿಯಲ್ಲಿ ನಿಮ್ಮ ಮನೆ ಸೇರಿದೆ ಎಂದು ಅತಿಥಿಗಳು ತಿಳಿಯಬಹುದು. ಆಮೇಲೆ ವಿವರಣೆ ಕೊಡುತ್ತ ಕೂರಬೇಕಾಗುತ್ತದೆ.

ನನ್ನನ್ನು ಕೇಳಿದರೆ, ಫಲಕದಲ್ಲಿ ಒಂದು ಹಿಸ್ಟಾರಿಕ್ ಇರಲಿ. ಕೈಪಿಡಿಯಲ್ಲಿ ಹನ್ನೊಂದು ಕಡೆ ಇರುವುದನ್ನು ಎರಡೋ ಮೂರೋ ಕಡೆಗೆ ಇಳಿಸಿ, ಉಳಿದ ಕಡೆ ಇಸವಿ ಬರೆಯಿರಿ. ‘ಹಿಸ್ಟಾರಿಕ್ ಮದರಸಾ’ ಎಂದರೆ ಓದುಗನಿಗೆ ಏನೂ ಕಾಣಿಸುವುದಿಲ್ಲ. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ, ಒಂಬತ್ತು ವರ್ಷ ಕಳೆದು 1481ರಲ್ಲಿ ಸುಲ್ತಾನನ ಆಜ್ಞೆಯಂತೆ ಅವನ ತಲೆಯೇ ಹೋಯಿತು ಎಂದರೆ ಅತಿಥಿ ಕತ್ತೆತ್ತಿ ಆ ಮಿನಾರನ್ನು ಇನ್ನೊಮ್ಮೆ ನೋಡುತ್ತಾನೆ. ತೂಕವನ್ನು ನಾವು ಹೇಳಬೇಕಿಲ್ಲ, ಅವನೇ ತೂಗಿಕೊಳ್ಳುತ್ತಾನೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹಮದ್ ಷಾನ ನಿರ್ಧಾರಕ್ಕೆ ಹಿಸ್ಟಾರಿಕ್ ಹಾಕಿ, ಅದು ನಿಜಕ್ಕೂ ದಿಕ್ಕು ಬದಲಿಸಿದ ನಿರ್ಧಾರ. (ಕಲಬುರಗಿಯವನಾಗಿ ಇದನ್ನು ಬರೆಯುವಾಗ ಸ್ವಲ್ಪ ಕಸಿವಿಸಿಯಾಗುತ್ತದೆ, ಇರಲಿ.) ಸಂಜೆ ನೀವು ಅತಿಥಿಗಳಿಗೆ ತೋರಿಸುವ ಹಳೆಯ ನಕ್ಷೆ, ಪಟಗಳಿಗೆ ಹಿಸ್ಟಾರಿಕಲ್ ಸರಿ. ಬಿದ್ರಿ ಕೆಲಸಕ್ಕೆ ಎರಡೂ ಬೇಡ. ಸತು, ತಾಮ್ರದ ಎರಕಕ್ಕೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಹಚ್ಚಿ ಕಪ್ಪಾಗಿಸುವ ಆ ಕಲೆ ನಿಮ್ಮ ಓಣಿಯ ಪಕ್ಕದಲ್ಲೇ ಇಂದಿಗೂ ನಡೆಯುತ್ತಿದೆ. ಅದನ್ನು ಸಾಂಪ್ರದಾಯಿಕ ಎನ್ನಿ, ಹಾಗೆಯೇ ಕುಶಲಕರ್ಮಿಯ ಅಂಗಡಿ ಎಲ್ಲಿದೆ ಎಂದೂ ಬರೆಯಿರಿ.

ಕೊನೆಗೆ ನಿಮ್ಮ ಮನೆ. ಅಲ್ಲಿ ಯಾವುದಾದರೂ ದೊಡ್ಡ ಸಭೆ ನಡೆದಿತ್ತೇ, 1948ಕ್ಕೆ ಮೊದಲಿನ ಹೋರಾಟದವರು ಯಾರಾದರೂ ಅಡಗಿದ್ದರೇ, ಮನೆಯ ಹಿರಿಯರನ್ನು ಕೇಳಿ ನೋಡಿ. ಹಾಗಿದ್ದರೆ ಹಿಸ್ಟಾರಿಕ್ ಎಂದು ಧೈರ್ಯವಾಗಿ ಬರೆಯಬಹುದು. ಬರೀ ತೊಂಬತ್ತು ವರ್ಷಕ್ಕೆ ಆ ಪದ ಸಿಗುವುದಿಲ್ಲ. ಸ್ಮಾರಕ ಎನಿಸಿಕೊಳ್ಳಲು ಕಾಯ್ದೆಯ ಪ್ರಕಾರ ಇನ್ನೂ ಹತ್ತು ವರ್ಷ ಬೇಕು, ಅದಾದ ಮೇಲೂ ಸರ್ಕಾರ ಘೋಷಿಸಬೇಕು. ಘೋಷಿಸಿದರೆ ಗೋಡೆಗೆ ಒಂದು ಮೊಳೆ ಹೊಡೆಯಲೂ ಅನುಮತಿ ಕೇಳಬೇಕಾಗುತ್ತದೆ, ಆದ್ದರಿಂದ ಅವಸರ ಬೇಡ. ಸದ್ಯಕ್ಕೆ ಕೈಪಿಡಿಯ ಮೊದಲ ಪುಟದಲ್ಲಿ ‘ನಮ್ಮ ಮುತ್ತಜ್ಜ ಕಟ್ಟಿಸಿದ ಮನೆ’ ಎಂದು ಬರೆದು, ಅವರ ಹೆಸರು, ಕಟ್ಟಿಸಿದ ಇಸವಿ ಹಾಕಿ. ಇಂಗ್ಲಿಷಿನಲ್ಲಿ ಮುತ್ತಜ್ಜನಿಗೆ ಏನು ಹೇಳಬೇಕೆಂದು ನಿಮ್ಮ ಅಣ್ಣನಿಗೆ ಗೊತ್ತಿರುತ್ತದೆ, ಅದಕ್ಕೆ ಒಂದೇ ಪದ.